ಬೆರಳ ತುದಿ ಸವೆದು ನುಣ್ಣಗಾಗಿದೆ, ಗಿಟಾರ್ ಪಿಕ್ ಕೈಯಲ್ಲಿ ನಿಲ್ತಾನೇ ಇಲ್ಲ, ಏನ್ ಮಾಡೋದು?

ತಂತಿಗಂಟು:

ಎಲ್ರಿಗೂ ನಮಸ್ಕಾರ. ತುಂಬ ದಿನದಿಂದ ಒಬ್ಬನೇ ಒದ್ದಾಡ್ತಿದೀನಿ, ಇವತ್ತು ಕೇಳೇಬಿಡೋಣ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಗಿಟಾರ್ ಹಿಡಿದು 11 ವರ್ಷ ಆಯ್ತು. ಅಕೌಸ್ಟಿಕ್, ಸ್ಟೀಲ್ ಸ್ಟ್ರಿಂಗು, ಹೆಚ್ಚಾಗಿ ಸ್ಟ್ರಮ್ಮಿಂಗ್, ಅಂದ್ರೆ ತಂತಿಗಳನ್ನ ಒಟ್ಟಿಗೆ ಬಾರಿಸೋದು, ಮಧ್ಯೆ ಮಧ್ಯೆ ಒಂದೊಂದೇ ತಂತಿ ಮೀಟೋದು ಅಷ್ಟೇ. ಹೊಟ್ಟೆಪಾಡಿನ ಕೆಲಸ ಟೈಲ್ಸ್ ಹಾಕೋದು. ಬೆಳಗ್ಗೆಯಿಂದ ಸಂಜೆವರೆಗೂ ಸಿಮೆಂಟು, ಟೈಲ್ಸ್ ಸಂದಿಗೆ ತುಂಬೋ ಗ್ರೌಟು, ಟೈಲ್ಸಿನ ಒರಟು ಬೆನ್ನು, ಒದ್ದೆ ಸ್ಪಾಂಜು ಇದ್ರಲ್ಲೇ ಕೈ ಇರುತ್ತೆ. ಎಡಗೈ ಬೆರಳುಗಳು ತಂತಿ ಒತ್ತಿ ಒತ್ತಿ ಗಟ್ಟಿಯಾಗಿವೆ, ಅದ್ರಿಂದ ಏನೂ ತೊಂದರೆ ಇಲ್ಲ. ಕಷ್ಟ ಇರೋದು ಬಲಗೈಲಿ. ಎರಡು ವರ್ಷದಿಂದ ಹೆಬ್ಬೆರಳು, ತೋರುಬೆರಳು ಎರಡರ ತುದಿನೂ ಸವೆದು ಹೋಗಿದೆ, ಬೆಳಕಿಗೆ ಹಿಡಿದು ನೋಡಿದ್ರೆ ಗೆರೆಗಳೇ ಕಾಣಲ್ಲ, ಹೊಳೆಯುತ್ತೆ, ಮುಟ್ಟಿದ್ರೆ ಪಿಂಗಾಣಿ ತರ ನುಣುಪು. ಫೋನಿನ ಫಿಂಗರ್‌ಪ್ರಿಂಟು ನನ್ನ ಹೆಬ್ಬೆರಳನ್ನ ಗುರುತಿಸೋದು ಬಿಟ್ಟು ಎಷ್ಟೋ ತಿಂಗಳಾಯ್ತು, ನಂಬರ್ ಒತ್ತಿಯೇ ತೆಗೀಬೇಕು.

ಪಿಕ್, ಅಂದ್ರೆ ತಂತಿ ಮೀಟೋಕೆ ಬೆರಳಲ್ಲಿ ಹಿಡಿಯೋ ಚಿಕ್ಕ ಬಿಲ್ಲೆ, ಅದರ ವಿಷಯಕ್ಕೆ ಬರ್ತೀನಿ. ನಾಲ್ಕು ಸಲ ಸ್ಟ್ರಮ್ ಮಾಡೋದ್ರೊಳಗೆ ಪಿಕ್ ಬೆರಳ ಮಧ್ಯೆ ತಿರುಗೋಕೆ ಶುರು ಮಾಡುತ್ತೆ, ಆಮೇಲೆ ಒಂದೊಂದೇ ಕೂದಲೆಳೆಯಷ್ಟು ಹೊರಗೆ ಜಾರ್ತಾ ಹೋಗುತ್ತೆ, ಪಲ್ಲವಿ ಮುಗಿಯೋ ಹೊತ್ತಿಗೆ ಅದರ ಬಾಲ ಮಾತ್ರ ನನ್ನ ಕೈಲಿರುತ್ತೆ. ಜಾರುತ್ತೆ ಅಂತ ಇನ್ನೂ ಗಟ್ಟಿಯಾಗಿ ಅದುಮಿ ಹಿಡಿದ್ರೆ ಅರ್ಧ ಗಂಟೇಲಿ ಹೆಬ್ಬೆರಳ ಬುಡ ನೋಯುತ್ತೆ, ಮಣಿಕಟ್ಟು ಮರದ ತುಂಡಿನ ತರ ಆಗುತ್ತೆ, ಲಯನೂ ಕೆಡುತ್ತೆ. ಹೋದ ಭಾನುವಾರ ಗೆಳೆಯರ ಜೊತೆ ನುಡಿಸ್ತಾ ಇದ್ದಾಗ ಪಿಕ್ ಕೈಬಿಟ್ಟು ಸೀದಾ ಗಿಟಾರ್ ಹೊಟ್ಟೆ ಮೇಲಿರೋ ಸೌಂಡ್ ಹೋಲ್ ಒಳಗೆ ಬಿತ್ತು, ಗಿಟಾರ್ ತಲೆಕೆಳಗು ಮಾಡಿ ಅಲ್ಲಾಡಿಸ್ತಾ ಕೂತೆ, ಒಳಗೆ ಕಟಕಟ ಅಂತ ಸದ್ದು ಬರ್ತಿದೆ, ಪಿಕ್ ಮಾತ್ರ ಬರ್ತಿಲ್ಲ, ಅಷ್ಟು ಹೊತ್ತೂ ಎಲ್ರೂ ಸುಮ್ನೆ ಕಾಯ್ತಿದ್ರು. ಅವತ್ತು ಮನಸ್ಸಿಗೆ ತುಂಬ ಬೇಜಾರಾಯ್ತು.

ಈಗ ಬಳಸ್ತಿರೋದು ಹೊಳೆಯೋ ಸೆಲ್ಯುಲಾಯ್ಡ್ ಪಿಕ್, ಮೀಡಿಯಂ. ಎರಡೂ ಕಡೆ ಅಂಟೋ ಟೇಪ್ ಹಚ್ಚಿ ನೋಡಿದೆ, ಕೈ ಬಿಸಿಗೆ ಅಂಟು ಕರಗಿ ಪಿಸಿಪಿಸಿ ಆಗಿ ಇನ್ನೂ ಜಾಸ್ತಿ ಜಾರಿತು. ಕೆಲಸ ಬಿಡೋಕಾಗಲ್ಲ, ಗಿಟಾರ್ ಬಿಡೋಕೆ ಇಷ್ಟ ಇಲ್ಲ. ಪಿಕ್ ಬದಲಾಯಿಸಬೇಕಾ, ಹಿಡಿಯೋ ರೀತಿ ಬದಲಾಯಿಸಬೇಕಾ, ಇಲ್ಲ ಕೈಗೇ ಏನಾದ್ರೂ ಮಾಡಬೇಕಾ?

ನಿಧಾನಲಯ:

ನಮಸ್ಕಾರ ಸರ್. ನಾನು ಸುಮಾರು ವರ್ಷದಿಂದ ಗಿಟಾರ್ ಹೇಳಿಕೊಡ್ತಿದೀನಿ, ಪಿಕ್ ಜಾರುತ್ತೆ ಅನ್ನೋ ದೂರು ಚರ್ಮ ಚೆನ್ನಾಗಿರೋ ಹುಡುಗರಿಂದಲೂ ಕೇಳಿದೀನಿ, ಅದಕ್ಕೇ ಮೊದಲು ಹಿಡಿತದ ಬಗ್ಗೆ ಹೇಳ್ತೀನಿ, ಪಿಕ್ ಆಮೇಲೆ.

ನೀವು ಬರೆದಿದ್ರಲ್ಲೇ ಒಂದು ಸುಳಿವಿದೆ. ಪಿಕ್ ಮೊದಲು ತಿರುಗುತ್ತೆ, ಆಮೇಲೆ ಜಾರುತ್ತೆ ಅಂದ್ರಿ. ತಿರುಗೋದು ಯಾಕೆ ಅಂದ್ರೆ ಪಿಕ್ಕಿನ ಮೂತಿ ಹೊರಗೆ ಜಾಸ್ತಿ ಚಾಚಿರುತ್ತೆ. ತಂತಿ ತಳ್ಳೋದು ಮೂತಿಯನ್ನ, ನೀವು ಹಿಡಿದಿರೋದು ಹಿಂದೆ, ಮಧ್ಯೆ ಇರೋ ಉದ್ದ ಹೆಚ್ಚಾದಷ್ಟೂ ತಂತಿ ಕೈಗೆ ಬಲ ಜಾಸ್ತಿ, ಸನ್ನೆಕೋಲಿನ ತರ. ಮೂತಿ 4-5 ಮಿಲಿಮೀಟರ್ ಮಾತ್ರ ಹೊರಗೆ ಬಿಡಿ, ಉಳಿದಿದ್ದೆಲ್ಲ ಬೆರಳೊಳಗೆ. ಮೊದಲ ಎರಡು ದಿನ ಉಗುರು ತಂತಿಗೆ ತಾಗುತ್ತೆ, ಆಮೇಲೆ ಕೈ ತಾನೇ ಅಳತೆ ಕಂಡ್ಕೊಳ್ಳುತ್ತೆ.

ಎರಡನೇದು, ಇದು ನಿಮಗೆ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅನಿಸಿಕೆ. ಸವೆದಿರೋದು ಬೆರಳ ತುದಿ, ಬೆರಳು ಪೂರ್ತಿ ಅಲ್ಲ. ಬಿಸಿಲಲ್ಲಿ ನಿಂತು ಬಲಗೈ ಓರೆ ಮಾಡಿ ನೋಡಿ. ತೋರುಬೆರಳಿನ ಪಕ್ಕ, ಹೆಬ್ಬೆರಳ ಕಡೆ ಮುಖ ಮಾಡಿರೋ ಬದಿ, ಉಗುರಿನಿಂದ ಮೊದಲ ಗೆಣ್ಣಿನವರೆಗೆ ಇರೋ ಜಾಗ, ಅಲ್ಲಿ ಗೆರೆ ಇನ್ನೂ ಇರೋ ಸಾಧ್ಯತೆ ಜಾಸ್ತಿ, ಯಾಕಂದ್ರೆ ಟೈಲ್ ಎತ್ತೋವಾಗ ಗ್ರೌಟ್ ಒರೆಸೋವಾಗ ಆ ಬದಿ ಅಷ್ಟಾಗಿ ಉಜ್ಜಲ್ಲ. ಹೆಬ್ಬೆರಳಲ್ಲೂ ಹಾಗೇ, ತುದಿ ಬಿಟ್ಟು ಗೆಣ್ಣಿನ ಮಡಿಕೆ ಹತ್ತಿರದ ಮಾಂಸಲ ಭಾಗ ನೋಡಿ. ಪಿಕ್ಕನ್ನ ಅಲ್ಲಿ ಕೂರಿಸಿ. ತೋರುಬೆರಳನ್ನ ಕೊಕ್ಕೆ ತರ ಮಡಚಿ, ಅದರ ಬದಿ ಮೇಲೆ ಪಿಕ್ ಮಲಗಿಸಿ, ಹೆಬ್ಬೆರಳನ್ನ ಅಡ್ಡಕ್ಕೆ ಚಪ್ಪಟೆಯಾಗಿ ಮೇಲಿಡಿ. ತುದಿಗೆ ತುದಿ ಸೇರಿಸಿ ಚಿಟಿಕೆ ಹಿಡಿದಂಗೆ ಹಿಡೀಬೇಡಿ, ಅದು ಸಣ್ಣ ಜಾಗ, ಅದೂ ಸವೆದ ಜಾಗ.

ಇಷ್ಟಾದ್ರೂ ತಿರುಗಿದ್ರೆ ನಡುಬೆರಳನ್ನೂ ಸೇರಿಸ್ಕೊಳ್ಳಿ. ಎರಡು ಬೆರಳಿಂದ ಹಿಡಿದ ವಸ್ತು ಸುಲಭವಾಗಿ ತಿರುಗುತ್ತೆ, ಮೂರನೇ ಬೆರಳು ಬಂದ್ರೆ ತಿರುಗೋ ದಾರಿ ಮುಚ್ಚಿಹೋಗುತ್ತೆ. ಹಾಗೆ ಹಿಡಿಯೋದಾದ್ರೆ ದೊಡ್ಡ ತ್ರಿಕೋನದ ಪಿಕ್ ತಗೊಳ್ಳಿ, ಮೂರು ಬೆರಳಿಗೂ ಜಾಗ ಸಿಗುತ್ತೆ, ಅದರ ಮೂರು ಮೂಲೇನೂ ಬಳಸಬಹುದು.

ಇನ್ನೊಂದು. ಪಿಕ್ಕನ್ನ ತಂತಿಗೆ ಪೂರ್ತಿ ಚಪ್ಪಟೆಯಾಗಿ ಬಡೀಬೇಡಿ. ಸ್ವಲ್ಪ ಓರೆ ಮಾಡಿದ್ರೆ ಅಂಚು ತಂತಿ ಮೇಲೆ ಜಾರಿಕೊಂಡು ಹೋಗುತ್ತೆ, ಕೈಗೆ ಬರೋ ಹೊಡೆತ ಅರ್ಧಕ್ಕರ್ಧ ಕಡಿಮೆ ಆದ ಹಾಗೆ ಅನಿಸುತ್ತೆ. ನೀವು ಎಷ್ಟು ಗಟ್ಟಿಯಾಗಿ ಹಿಡೀತೀರೋ ಅಷ್ಟು ಗಟ್ಟಿಯಾಗಿ ತಂತಿನೂ ವಾಪಸ್ ತಳ್ಳುತ್ತೆ. ಹೆಬ್ಬೆರಳ ಬುಡದ ನೋವನ್ನ ಮಾತ್ರ ಹಗುರವಾಗಿ ತಗೋಬೇಡಿ, ನೋವು ಬಂದ ತಕ್ಷಣ ಕೈ ಕೆಳಗೆ ಬಿಟ್ಟು ಒದರಿ, ಆಮೇಲೆ ಶುರು ಮಾಡಿ.

ಹಲಗೆಮೊಳೆ:

ಮೇಲಿನವರು ಹೇಳಿದ್ದು ಸರಿ, ಆದ್ರೆ ನನ್ನ ಅನುಭವ ಹೇಳ್ತೀನಿ, ನಾನು ಮರಗೆಲಸದವನು, ಮರ ಉಜ್ಜಿ ಉಜ್ಜಿ ನನ್ನ ಬೆರಳೂ ನಿಮ್ಮ ತರಾನೇ ಆಗಿವೆ. ಬೆರಳಲ್ಲಿ ಗೆರೆ ಇಲ್ಲ ಅಂದ್ಮೇಲೆ ಆ ಗೆರೆಯನ್ನ ಪಿಕ್ಕಿನ ಮೇಲೆ ಹಾಕೋದು ಅಷ್ಟೇ ದಾರಿ.

220 ನಂಬರ್ ಸ್ಯಾಂಡ್ ಪೇಪರ್ ತಗೊಂಡು ಪಿಕ್ಕಿನ ಹೊಟ್ಟೆ ಭಾಗ ಎರಡೂ ಕಡೆ ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಉಜ್ಜಿ, ಹೊಳಪು ಹೋಗಿ ಮಂಕಾಗಬೇಕು. ಮೂತಿಗೆ ಪೇಪರ್ ತಾಗಿಸಬೇಡಿ, ಮೂತಿ ಒರಟಾದ್ರೆ ಪ್ರತಿ ಸಲ ತಂತಿ ಮೇಲೆ ಚರ್ ಚರ್ ಅಂತ ಕೆರೆಯೋ ಸದ್ದು ಬರುತ್ತೆ, ನಾನು ಮೊದಲ ಸಲ ಅದೇ ತಪ್ಪು ಮಾಡಿ ಒಂದು ಪಿಕ್ ಹಾಳು ಮಾಡ್ಕೊಂಡೆ. ಇದಕ್ಕಿಂತ ಒಳ್ಳೇದು ತೂತು. ಪೇಪರಿಗೆ ತೂತು ಹಾಕೋ ಪಂಚ್ ಇರುತ್ತಲ್ಲ, ತೆಳು ಪಿಕ್ಕಿಗೆ ಅದೇ ಸಾಕು, ದಪ್ಪದಕ್ಕೆ ಕೆಳಗೆ ಮರದ ತುಂಡಿಟ್ಟು ನಿಧಾನಕ್ಕೆ ಡ್ರಿಲ್ ಮಾಡಬೇಕು, ಆಮೇಲೆ ತೂತಿನ ಅಂಚು ಕೈಗೆ ಕುಯ್ಯದಂಗೆ ಒಂದು ಸುತ್ತು ಉಜ್ಜಿಬಿಡಿ. ಹಿಡಿದಾಗ ಬೆರಳ ಮಾಂಸ ಆ ತೂತಿನೊಳಗೆ ಒಂಚೂರು ಇಳಿಯುತ್ತೆ, ಆ ಕಡೆಯಿಂದ ಹೆಬ್ಬೆರಳು ಈ ಕಡೆಯಿಂದ ತೋರುಬೆರಳು, ತೂತಿನ ನಡುವೆ ಚರ್ಮಕ್ಕೆ ಚರ್ಮ ತಾಗೋದು ಗೊತ್ತಾಗುತ್ತೆ. ಚರ್ಮಕ್ಕೆ ಗೆರೆ ಇಲ್ಲದಿದ್ರೂ ಉಬ್ಬು ಇದೆಯಲ್ಲ, ಆ ಉಬ್ಬೇ ಕೊಂಡಿ ತರ ಸಿಕ್ಕಿಹಾಕ್ಕೊಳ್ಳುತ್ತೆ.

ಇಲ್ಲಾಂದ್ರೆ ಸೂಜಿ ಕಾಯಿಸಿ ಪಿಕ್ ಮೇಲೆ ಚುಕ್ಕಿ ಚುಕ್ಕಿ ಹಾಕಿ, ಸುತ್ತ ಸಣ್ಣ ದಿಬ್ಬ ಏಳುತ್ತೆ, ಅದೂ ಚೆನ್ನಾಗಿ ಹಿಡಿಯುತ್ತೆ.

ಒದ್ದೆಬತ್ತಿ:

ಹಲಗೆಮೊಳೆ ಅಣ್ಣ, ದಯವಿಟ್ಟು ಕೊನೇ ಮಾತು ವಾಪಸ್ ತಗೊಳ್ಳಿ, ಪ್ರಶ್ನೆ ಕೇಳಿದವರು ಬಳಸ್ತಿರೋದು ಸೆಲ್ಯುಲಾಯ್ಡ್ ಪಿಕ್!! ಅದಕ್ಕೆ ಕಾದ ಸೂಜಿ ಚುಚ್ಚಿದ್ರೆ ಭಗ್ ಅಂತ ಹತ್ಕೊಳ್ಳುತ್ತೆ. ಸೆಲ್ಯುಲಾಯ್ಡ್ ಅಂದ್ರೆ ನೈಟ್ರೋಸೆಲ್ಯುಲೋಸ್ ಮತ್ತೆ ಕರ್ಪೂರ ಸೇರಿಸಿ ಮಾಡಿದ್ದು. ಹಳೇ ಕಾಲದ ಸಿನಿಮಾ ರೀಲುಗಳು ಬೆಂಕಿ ಹತ್ತಿ ಉರೀತಿದ್ದಿದ್ದು ನೈಟ್ರೋಸೆಲ್ಯುಲೋಸಿಂದಲೇ, ಹಳೇ ಟೇಬಲ್ ಟೆನಿಸ್ ಚೆಂಡೂ ಸೆಲ್ಯುಲಾಯ್ಡೇ. ಪಿಕ್ ಚಿಕ್ಕದು ನಿಜ, ಆದ್ರೆ ಅದನ್ನ ಹಿಡಿದಿರೋದು ನಮ್ಮ ಬೆರಳೇ ತಾನೆ.

ಗುರುತು ಹಿಡಿಯೋದು ಹೇಗೆ ಅಂದ್ರೆ, ಹೊಳೆಯೋ ಮೈ, ಆಮೆ ಚಿಪ್ಪಿನ ತರ ಕಂದು ಹಳದಿ ಮಚ್ಚೆ ಇಲ್ಲಾ ಮುತ್ತಿನ ತರ ಮಿಂಚು ಇದ್ರೆ ಹೆಚ್ಚಾಗಿ ಸೆಲ್ಯುಲಾಯ್ಡೇ. ಬಟ್ಟೆ ಮೇಲೆ ಜೋರಾಗಿ ಉಜ್ಜಿ ಬಿಸಿ ಆದಾಗ ಮೂಸಿ ನೋಡಿ, ಸಣ್ಣಗೆ ಕರ್ಪೂರದ ವಾಸನೆ ಬರುತ್ತೆ. ಅಂಥದ್ದಕ್ಕೆ ಸ್ಯಾಂಡ್ ಪೇಪರ್ ಸಾಕು, ಕೈಯಲ್ಲಿ ನಿಧಾನಕ್ಕೆ ಉಜ್ಜಿ, ತೂತಿಗೆ ಕೈ ಪಂಚ್ ಬಳಸಿ, ಬೆಂಕಿ ಹತ್ರ ಮಾತ್ರ ತರಲೇಬೇಡಿ.

ನಿಜ ಹೇಳಬೇಕಂದ್ರೆ ಈ ತೊಂದರೆಗೆ ಸೆಲ್ಯುಲಾಯ್ಡನ್ನೇ ಬಿಡೋದು ವಾಸಿ. ಡನ್‌ಲಪ್ ಮ್ಯಾಕ್ಸ್ ಗ್ರಿಪ್ ಅಂತ ನೈಲಾನ್ ಪಿಕ್ ಬರುತ್ತೆ, ಹಿಡಿಯೋ ಜಾಗದಲ್ಲಿ ಸಣ್ಣ ಸಣ್ಣ ಉಬ್ಬುಗಳ ಸಾಲೇ ಇರುತ್ತೆ, ಅರದ ಮೇಲೆ ಬೆರಳಿಟ್ಟಂಗೆ. ಟಾರ್ಟೆಕ್ಸ್ ಕೂಡ ನೋಡಿ, ಅದು ಡೆಲ್ರಿನ್ ಅನ್ನೋ ಪ್ಲಾಸ್ಟಿಕ್, ಮೈ ಪುಡಿ ಹಚ್ಚಿದಂಗೆ ಮಂಕಾಗಿರುತ್ತೆ, ಬೆವರು ಕೈಯವರು ಅದನ್ನ ತುಂಬ ಇಷ್ಟಪಡ್ತಾರೆ, ಆದ್ರೆ ಒಣ ಕೈಗೆ ಅಷ್ಟು ಹಿಡಿಯಲ್ಲ ಅನ್ನೋದು ನನ್ನ ಅನುಭವ, ನಿಮ್ಮದು ಒಣ ಕೈ ಅನ್ಸುತ್ತೆ, ಅದಕ್ಕೆ ಉಬ್ಬಿರೋದೇ ತಗೊಳ್ಳಿ. ದಪ್ಪ 0.73 ಇಲ್ಲಾ 0.88 ಮಿಲಿಮೀಟರ್ ಸ್ಟ್ರಮ್ಮಿಂಗಿಗೆ ಸಾಕು. ತೀರ ದಪ್ಪದ್ದು ಬಗ್ಗಲ್ಲ, ತಂತಿಯ ಹೊಡೆತ ಪೂರ್ತಿ ಬೆರಳಿಗೇ ಬರುತ್ತೆ. ತೆಳುದು ತಾನು ಬಗ್ಗಿ ಸ್ವಲ್ಪ ಹೊಡೆತ ನುಂಗ್ಕೊಳ್ಳುತ್ತೆ.

ಹಲಗೆಮೊಳೆ:

ಹೌದು ಹೌದು, ನಾನು ಸೂಜಿ ಪ್ರಯೋಗ ಮಾಡಿದ್ದು ನೈಲಾನ್ ಪಿಕ್ ಮೇಲೆ, ಸೆಲ್ಯುಲಾಯ್ಡ್ ಅಂತ ಬರೆದಿದ್ದನ್ನ ಗಮನಿಸಲಿಲ್ಲ, ಕ್ಷಮಿಸಿ. ತಂತಿಗಂಟು ಅವ್ರೇ, ಸೂಜಿ ಮಾತು ಬಿಟ್ಟುಬಿಡಿ, ಪಂಚ್ ಸಾಕು. ಒದ್ದೆಬತ್ತಿ ಅವ್ರಿಗೆ ಥ್ಯಾಂಕ್ಸ್.

ಎಂಟನೇಮನೆ:

ನಾನು ಬಾಸ್ ಗಿಟಾರ್ ನುಡಿಸ್ತೀನಿ, ಪಿಕ್ಕಲ್ಲೇ. ಕೈಗೆ ಎಕ್ಸಿಮಾ ಇರೋದ್ರಿಂದ ಚರ್ಮದ ಡಾಕ್ಟ್ರ ಹತ್ರ ವರ್ಷಗಟ್ಟಲೆ ಓಡಾಡಿದವಳು, ಅದಕ್ಕೆ ಈ ವಿಷಯ ಹತ್ತಿರದಿಂದ ಗೊತ್ತು. ಎಲ್ರೂ ಪಿಕ್ ಬಗ್ಗೆ ಹೇಳ್ತಿದಾರೆ, ಚರ್ಮದ ಬಗ್ಗೆ ಯಾರೂ ಹೇಳ್ತಿಲ್ಲ, ಅದಕ್ಕೆ ಬರೀತಿದೀನಿ.

ನೋಟು ಎಣಿಸೋರು ಬೆರಳನ್ನ ಒದ್ದೆ ಸ್ಪಾಂಜಿಗೆ ಒತ್ತಿ ಒತ್ತಿ ಎಣಿಸ್ತಾರಲ್ವಾ? ಪೂರ್ತಿ ಒಣಗಿದ ಚರ್ಮಕ್ಕೆ ಹಿಡಿತ ಇರಲ್ಲ, ಒಂಚೂರು ತೇವ ಇದ್ರೆ ಚರ್ಮದ ಮೇಲಿನ ಪದರ ಮೆತ್ತಗಾಗಿ ವಸ್ತುವಿಗೆ ಚೆನ್ನಾಗಿ ಅಂಟಿಕೊಳ್ಳುತ್ತೆ, ತೊಯ್ದು ತೊಪ್ಪೆ ಆದ್ರೆ ಮತ್ತೆ ಜಾರುತ್ತೆ. ಅಂದ್ರೆ ಮಧ್ಯದ ಒಂದು ಹದ ಬೇಕು. ನಿಮ್ಮ ಕೈ ದಿನವಿಡೀ ಸಿಮೆಂಟಲ್ಲಿ ಇರುತ್ತೆ, ಹಸಿ ಸಿಮೆಂಟು ತೀರ ಕ್ಷಾರ, ಅದರ ಪಿಎಚ್ 12ಕ್ಕಿಂತ ಮೇಲೆ, ಅದು ಚರ್ಮದ ಎಣ್ಣೆಯನ್ನೆಲ್ಲ ಎಳೆದುಹಾಕುತ್ತೆ. ಸಂಜೆ ಕೈ ತೊಳೆದು ಗಿಟಾರ್ ಹಿಡಿಯೋ ಹೊತ್ತಿಗೆ ಬೆರಳು ಒಣಗಿದ ಎಲೆ ತರ ಆಗಿರುತ್ತೆ, ಜಾರದೆ ಇನ್ನೇನಾಗುತ್ತೆ?

ನಾನು ಮಾಡೋದು ಇಷ್ಟು. ರಾತ್ರಿ ಮಲಗೋ ಮುಂಚೆ 10 ಪರ್ಸೆಂಟ್ ಯೂರಿಯಾ ಇರೋ ಕ್ರೀಮು ಬೆರಳಿಗೆ ಹಚ್ಚಿ ಉಜ್ಜಿಕೊಳ್ತೀನಿ. ಚರ್ಮ ಬಿರಿದಿದ್ರೆ ಅದು ಉರಿಯುತ್ತೆ, ಆವಾಗ ಬರೀ ವ್ಯಾಸಲಿನ್. ನುಡಿಸೋ ಮುಂಚೆ ಮಾತ್ರ ಯಾವ ಕ್ರೀಮೂ ಬೇಡ, ಎಣ್ಣೆ ಪಸೆ ಇದ್ರೆ ಪಿಕ್ ಸೋಪಿನ ತರ ಆಗುತ್ತೆ. ನುಡಿಸೋಕೆ ಕೂತಾಗ ಪಕ್ಕದಲ್ಲಿ ಹಿಂಡಿದ ಒದ್ದೆ ಬಟ್ಟೆ ಇಟ್ಕೊಂಡು ಎರಡು ಬೆರಳನ್ನೂ ಒತ್ತಿ, ಹತ್ತು ಎಣಿಸಿ, ಮೇಲಿನ ನೀರು ಒರೆಸಿ ಆಮೇಲೆ ಪಿಕ್ ಹಿಡೀತೀನಿ. ಒಂದು ಹಾಡಿಗೆ ಆರಾಮಾಗಿ ಬರುತ್ತೆ. ಸ್ಯಾನಿಟೈಸರ್ ಹಚ್ಚಿಕೊಂಡು ತಕ್ಷಣ ನುಡಿಸೋಕೆ ಹೋಗಬೇಡಿ, ಸ್ಪಿರಿಟ್ಟು ಚರ್ಮವನ್ನ ಇನ್ನೂ ಒಣಗಿಸುತ್ತೆ. ಸೂಪರ್ ಗ್ಲೂ ಹಚ್ಚಿಕೊಳ್ಳಿ ಅಂತ ಕೆಲವ್ರು ಹೇಳ್ತಾರೆ, ಅದು ಎಡಗೈ ಬೆರಳು ಬಿರಿದಾಗ ಮಾಡೋ ಕೆಲಸ, ಬಲಗೈಗೆ ಹಚ್ಚಿದ್ರೆ ನುಣುಪಿನ ಮೇಲೆ ಇನ್ನೊಂದು ನುಣುಪು ಅಷ್ಟೇ.

ಮತ್ತೆ ಕೆಲಸದಲ್ಲಿ ಗ್ಲೌಸ್ ಹಾಕ್ಕೊಳ್ಳಿ, ಟೈಲ್ ಮಟ್ಟ ಗೊತ್ತಾಗಲ್ಲ ಅಂತ ಹಾಕಲ್ಲ ಅಂತೀರೇನೋ, ತೆಳು ನೈಟ್ರೈಲ್ ಗ್ಲೌಸ್ ಹಾಕಿದ್ರೆ ಗೊತ್ತಾಗುತ್ತೆ. ಗ್ರೌಟ್ ಕಲಸೋವಾಗ ಒರೆಸೋವಾಗ ಆದ್ರೂ ಹಾಕಿ. ಹರಿದ್ರೆ ಅವಾಗಲೇ ಬದಲಾಯಿಸಿ, ಒಳಗೆ ಸಿಮೆಂಟ್ ನೀರು ಸೇರಿ ಕೂತ್ರೆ ಬರಿಗೈಗಿಂತ ಕೆಟ್ಟದು. ಸಮಾಧಾನದ ವಿಷಯ ಏನಂದ್ರೆ ಬೆರಳ ಗೆರೆಯ ಅಚ್ಚು ಇರೋದು ಒಳಗಿನ ಪದರದಲ್ಲಿ, ಸವೆಯೋದು ಮೇಲಿನ ಪದರ, ಉಜ್ಜೋದು ನಿಂತ್ರೆ ಅದೇ ಗೆರೆ ಮತ್ತೆ ಮೇಲೆ ಬರುತ್ತೆ. ಮೇಲ್ಪದರ ಹೊಸದಾಗೋಕೆ ಸುಮಾರು ನಾಲ್ಕು ವಾರ ಹಿಡಿಯುತ್ತೆ, ವಯಸ್ಸಾದಷ್ಟೂ ಇನ್ನೂ ನಿಧಾನ.

ಕೆರೆತ, ಕೆಂಪು, ಬಿರುಕು ಇದ್ರೆ ಸುಮ್ನೆ ಕೂರಬೇಡಿ, ಸಿಮೆಂಟಲ್ಲಿರೋ ಕ್ರೋಮಿಯಮ್ಮಿಗೆ ಅಲರ್ಜಿ ಆಗುತ್ತೆ, ಒಂದ್ಸಲ ಬಂದ್ರೆ ಸುಲಭಕ್ಕೆ ಬಿಡಲ್ಲ, ಡಾಕ್ಟ್ರಿಗೆ ತೋರಿಸಿ. ಬೆರಳು ಜುಮ್ ಅನ್ನೋದು, ಮುಟ್ಟಿದ್ದು ಗೊತ್ತಾಗದೆ ಇರೋದು ಇದ್ರೂ ತೋರಿಸಿ, ಅದು ಚರ್ಮದ ಸಮಸ್ಯೆ ಅಲ್ಲ, ನರದ್ದಿರಬಹುದು. ಇದನ್ನ ಓದ್ತಿರೋ ಬೇರೆಯವ್ರಿಗೂ ಒಂದು ಮಾತು, ಕೆಪಸೈಟಬೀನ್ ಅನ್ನೋ ಕ್ಯಾನ್ಸರ್ ಔಷಧಿ ತಗೊಳ್ಳೋರಲ್ಲಿ ಕೆಲವರಿಗೆ ಬೆರಳ ಗೆರೆ ಅಳಿಸಿಹೋಗುತ್ತೆ, ಅಂಥವ್ರು ಇಲ್ಲಿ ಬರೆದ ಯಾವುದನ್ನೂ ಕೈಗೆ ಹಚ್ಚೋ ಮುಂಚೆ ತಮ್ಮ ಡಾಕ್ಟ್ರನ್ನ ಕೇಳಲೇಬೇಕು.

ಮೂರುಕಮಾನು:

ವಯಲಿನ್ ಕಮಾನಿಗೆ ಹಚ್ಚೋ ರೋಸಿನ್ ಇದೆಯಲ್ಲ, ಅದನ್ನ ಪುಡಿ ಮಾಡಿ ಚಿಟಿಕೆಯಷ್ಟು ಬೆರಳಿಗೆ ಒರೆಸ್ಕೊಂಡ್ರೆ ಪಿಕ್ ಅಂಟಿಕೊಂಡು ಕೂರುತ್ತೆ. ಆದ್ರೆ ಅದು ತಂತಿಗೂ ಅಂಟುತ್ತೆ, ಎಡಗೈಗೂ ಬರುತ್ತೆ, ಆಮೇಲೆ ಎಲ್ಲ ಒರೆಸಬೇಕು. ಚರ್ಮ ಬಿರಿದಿರೋರಿಗೆ ನಾನೇ ಬೇಡ ಅಂತೀನಿ, ಪೈನ್ ಮರದ ರಾಳ ಕೆಲವ್ರಿಗೆ ಅಲರ್ಜಿ ಮಾಡುತ್ತೆ.

ಹೆಬ್ಬೆಟ್ಟು:

ಯಾರೂ ಹೇಳಲಿಲ್ಲ ಅಂತ ಹೇಳ್ತಿದೀನಿ, ಥಂಬ್ ಪಿಕ್ ಹಾಕ್ಕೊಳ್ಳಿ, ಉಂಗುರದ ತರ ಹೆಬ್ಬೆರಳಿಗೆ ತೊಡಿಸೋದು, ಬೀಳೋ ಮಾತೇ ಇಲ್ಲ. ಮರ್ಲ್ ಟ್ರಾವಿಸ್, ಚೆಟ್ ಆಟ್ಕಿನ್ಸ್ ಎಲ್ಲ ಥಂಬ್ ಪಿಕ್ಕಲ್ಲೇ ನುಡಿಸಿದವರು. ವೆಸ್ ಮಾಂಟ್ಗೊಮರಿ ಅಂತೂ ಪಿಕ್ಕೇ ಇಲ್ಲದೆ ಬರೀ ಹೆಬ್ಬೆರಳಲ್ಲಿ ಅಷ್ಟು ದೊಡ್ಡ ಜಾಝ್ ಗಿಟಾರಿಸ್ಟ್ ಆದ್ರು. ಜೋರು ಸ್ಟ್ರಮ್ಮಿಂಗಿಗೆ ಮಾತ್ರ ಥಂಬ್ ಪಿಕ್ ಅಭ್ಯಾಸ ಆಗೋಕೆ ಸ್ವಲ್ಪ ಟೈಮ್ ಬೇಕು.

ತಂತಿಗಂಟು:

ಎಲ್ರಿಗೂ ಮನಸಾರೆ ಥ್ಯಾಂಕ್ಸ್. ಮೂರು ವಾರ ಪ್ರಯೋಗ ಮಾಡಿಯೇ ಬರೆಯೋಣ ಅಂತ ಸುಮ್ನಿದ್ದೆ.

ನಿಧಾನಲಯ ಸರ್ ಹೇಳಿದಂಗೆ ಬಿಸಿಲಲ್ಲಿ ನಿಂತು ಕೈ ನೋಡಿದೆ, ತೋರುಬೆರಳ ಬದಿಯಲ್ಲಿ ಗೆರೆ ಹಾಗೇ ಇವೆ ಸರ್! ಇಷ್ಟು ದಿನ ನೋಡೇ ಇರಲಿಲ್ಲ. ಹೆಬ್ಬೆರಳಲ್ಲಿ ಮಡಿಕೆ ಹತ್ರ ಸ್ವಲ್ಪ ಇದೆ. ಪಿಕ್ಕನ್ನ ಅಲ್ಲಿಗೆ ಸರಿಸಿದ ಮೊದಲ ದಿನವೇ ತಿರುಗೋದು ಅರ್ಧ ಕಡಿಮೆ ಆಯ್ತು, ಕೈ ಮಾತ್ರ ಬೇರೆಯವರ ಕೈ ತರ ಅನಿಸ್ತಿತ್ತು, ಒಂದು ವಾರ ಬರೀ ಒಂದೇ ಕಾರ್ಡ್ ಹಿಡ್ಕೊಂಡು ಸ್ಟ್ರಮ್ ಮಾಡಿದೆ. ಹಳೇ ಸೆಲ್ಯುಲಾಯ್ಡ್ ಪಿಕ್ಕಿಗೆ ಸ್ಯಾಂಡ್ ಪೇಪರ್ ಹೊಡೆದಿದ್ದು ಹತ್ತು ದಿನ ಚೆನ್ನಾಗಿತ್ತು, ಆಮೇಲೆ ಬೆರಳು ಉಜ್ಜಿ ಉಜ್ಜಿ ಮತ್ತೆ ನುಣ್ಣಗಾಯ್ತು, ಉಜ್ಜೋವಾಗ ಕರ್ಪೂರದ ವಾಸನೆ ನಿಜವಾಗ್ಲೂ ಬಂತು. ಈಗ 0.73 ನೈಲಾನ್ ಉಬ್ಬು ಪಿಕ್, ಅದಕ್ಕೇ ಮಧ್ಯದಲ್ಲಿ ಪಂಚಿಂದ ಒಂದು ತೂತು. ಥಂಬ್ ಪಿಕ್ಕೂ ಹಾಕಿ ನೋಡಿದೆ, ಉಗುರಿನ ಬುಡದಲ್ಲಿ ಒತ್ತಿ ಕೆಂಪಾಯ್ತು, ಅದು ನನಗೆ ಆಗಿಬರಲಿಲ್ಲ. ರೋಸಿನ್ ಮುಟ್ಟಲಿಲ್ಲ, ಹೆಬ್ಬೆರಳಲ್ಲಿ ಒಂದು ಸಣ್ಣ ಬಿರುಕಿದೆ.

ಮೇಡಂ, ಒದ್ದೆ ಬಟ್ಟೆ ಉಪಾಯಕ್ಕೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ, ಅಷ್ಟು ಸುಲಭ, ಅಷ್ಟು ಉಪಯೋಗ. ಗ್ರೌಟ್ ಒರೆಸೋವಾಗ ಗ್ಲೌಸ್ ಹಾಕ್ತಿದೀನಿ. ಕೆರೆತ ಇಲ್ಲ, ಆದ್ರೂ ಆ ಬಿರುಕನ್ನ ಒಂದ್ಸಲ ಡಾಕ್ಟ್ರಿಗೆ ತೋರಿಸ್ತೀನಿ. ಗೆರೆ ಇನ್ನೂ ಬಂದಿಲ್ಲ, ಫೋನೂ ಇನ್ನೂ ತೆಗೀತಿಲ್ಲ, ಕಾಯ್ತೀನಿ.

ಒಂದೇ ಒಂದು ಉಳಿದಿದೆ. ನಡುಬೆರಳು ಸೇರಿಸಿ ಹಿಡಿದಾಗ ಸ್ಟ್ರಮ್ಮಿಂಗ್ ಗಟ್ಟಿ ಬರುತ್ತೆ, ಆದ್ರೆ ಒಂದೊಂದೇ ತಂತಿ ಮೀಟೋವಾಗ ಕೈ ತಡವರಿಸುತ್ತೆ, ಪಕ್ಕದ ತಂತಿಗೆ ತಾಗುತ್ತೆ. ಅಭ್ಯಾಸ ಮಾಡಿದ್ರೆ ಸರಿ ಹೋಗುತ್ತಾ?

ನಿಧಾನಲಯ:

ತುಂಬ ಸಂತೋಷ ಆಯ್ತು ಸರ್. ಎರಡಕ್ಕೂ ಒಂದೇ ಹಿಡಿತ ಇರಲೇಬೇಕು ಅಂತೇನಿಲ್ಲ. ಸ್ಟ್ರಮ್ ಮಾಡೋವಾಗ ನಡುಬೆರಳು ಒಳಗಿರಲಿ, ಬಿಡಿ ತಂತಿ ಬಂದಾಗ ಅದನ್ನ ಮೆಲ್ಲಗೆ ಬಿಡಿಸಿ. ಬಿಡಿ ತಂತಿ ಮೀಟೋದಕ್ಕೆ ಅಷ್ಟು ಬಲ ಬೇಡ, ಎರಡು ಬೆರಳಲ್ಲೇ ನಿಲ್ಲುತ್ತೆ. ತಾಳಕ್ಕೆ ಟಿಕ್ ಟಿಕ್ ಅನ್ನೋ ಮೆಟ್ರೊನೋಮನ್ನ ನಿಧಾನಕ್ಕೆ ಹಾಕ್ಕೊಂಡು ನಾಲ್ಕು ಸ್ಟ್ರಮ್, ನಾಲ್ಕು ಬಿಡಿ ತಂತಿ, ಮತ್ತೆ ನಾಲ್ಕು ಸ್ಟ್ರಮ್, ಹೀಗೆ ದಿನಾ ಹತ್ತು ನಿಮಿಷ ಮಾಡಿ. ಪಿಕ್ ತಿರುಗಿದೆ ಅನಿಸಿದ ತಕ್ಷಣ ಅದೇ ನಡುಬೆರಳಿಂದ ಅಂಚನ್ನ ಸ್ವಲ್ಪ ತಳ್ಳಿದ್ರೆ ವಾಪಸ್ ಜಾಗಕ್ಕೆ ಬರುತ್ತೆ, ಹಾಡು ನಿಲ್ಲಿಸಬೇಕಾಗಿಲ್ಲ. ಕಾರ್ಡ್ ಬದಲಾಯಿಸೋ ಹೊತ್ತಲ್ಲಿ ಅದನ್ನೂ ರೂಢಿ ಮಾಡ್ಕೊಳ್ಳಿ.

ಆಮೇಲೆ, ಒಂದು ಪಿಕ್ ಹೆಚ್ಚಿಗೆ ತೊಡೆ ಮೇಲೆ ಇಟ್ಕೊಂಡೇ ನುಡಿಸಿ.